ಉಬ್ಬಿದ ಎದೆಗಳಿಗೆ ಹೊಲಿದ ಕೋಟು

ನಾನು ಹೊಲಿದ ಕೋಟು ಹಾಕಿಕೊಂಡವರು ಯಾರೂ ಬೆನ್ನು ಬಗ್ಗಿಸಿ ನಡೆಯುವುದಿಲ್ಲ. ಬಗ್ಗುವುದಕ್ಕೆ ಕೋಟು ಬಿಡಬೇಕಲ್ಲ. ಜನ ಹೀಗೆ ಹೇಳುವುದನ್ನು ನಾನು ಬಹಳ ಕಾಲ ಹೊಗಳಿಕೆಯೆಂದೇ ತಿಳಿದುಕೊಂಡಿದ್ದೆ.

ಆದ್ದರಿಂದಲೇ ಹೆಂಡತಿ ಒಂದು ಸಂಜೆ ಕೆಲಸದಿಂದ ಬಂದು, ತನ್ನ ಗಾಯನ ತಂಡ ಅಮೆರಿಕದ ಶಾಸ್ತ್ರೀಯ ಸಂಗೀತದ ಕಛೇರಿ ಮಾಡುತ್ತದೆ, ಜೊತೆಗೆ ಪಿಟೀಲು, ಕಹಳೆ, ನಗಾರಿಗಳ ದೊಡ್ಡ ವಾದ್ಯವೃಂದವೂ ಇರುತ್ತದೆ ಎಂದು ಹೇಳಿದಾಗ, ಕತ್ತರಿಯನ್ನು ಖಡ್ಗದಂತೆ ಮೇಲೆತ್ತಿ ನಾನೊಂದು ಪ್ರತಿಜ್ಞೆ ಮಾಡಿದೆ.

"ಇಡೀ ತಂಡಕ್ಕೆ ಕೋಟು ನನ್ನದು."

"ರೀ, ನಿಮ್ಮನ್ನ ಯಾರೂ ಕೇಳಿಲ್ಲ."

"ಕೇಳಿದ ಮೇಲೆ ಹೊಲಿಯೋನು ಟೈಲರ್. ಕೇಳೋಕೆ ಮುಂಚೆ ಹೊಲಿಯೋನು ಕಲಾವಿದ."

"ಕೇಳಿದ ಮೇಲಾದರೂ ಹೊಲೀರಿ ಅಂತ ಜನ ಬಾಗಿಲಲ್ಲಿ ನಿಂತಿರ್ತಾರೆ, ಅವರ ಕಡೆ ನೋಡಿ ಮೊದಲು."

ಇದು ಸ್ವಲ್ಪ ನೋಯಿಸುವ ಮಾತು. ಆದರೆ ಅವಳೂ ಆ ವಿಷಯದಲ್ಲಿ ದೊಡ್ಡ ಸತ್ಯವಂತೆಯೇನಲ್ಲ. ನೀರು ಸರಬರಾಜು ಕಚೇರಿಯಲ್ಲಿ ದೂರು ಕೇಳುವ ಫೋನಿನ ಮುಂದೆ ಕೂತು ದಿನವಿಡೀ "ನಾಳೆ ನೀರು ಬರುತ್ತೆ" ಎನ್ನುವುದು ಅವಳ ಕೆಲಸ. ಅಂಗಡಿಯಲ್ಲಿ ಕೂತು "ನಾಳೆ ಬಟ್ಟೆ ಕೊಡ್ತೀನಿ" ಎನ್ನುವುದು ನನ್ನದು. ನಮ್ಮ ಸಂಸಾರ ನಡೆಯುತ್ತಿರುವುದೇ ನಾಳೆಯ ಮೇಲೆ. ವ್ಯತ್ಯಾಸವೆಂದರೆ ಅವಳ ದನಿ. ಕೊಳಾಯಿ ಒಣಗಿದ ಸಿಟ್ಟಿಗೆ ಕೆಂಡವಾಗಿ ಫೋನು ಮಾಡಿದವರು ಅವಳ ಎರಡು ಮಾತು ಕೇಳಿ, ಥ್ಯಾಂಕ್ಸ್ ಹೇಳಿ ಫೋನು ಇಡುತ್ತಾರೆ. ಗಂಭೀರವಾದ, ತುಂಬಿದ, ತಣ್ಣನೆಯ ದನಿ. ತಂಡದಲ್ಲಿ ಹೆಂಗಸರ ಕೆಳದನಿಯ ಸಾಲಿನಲ್ಲಿ ಅವಳೇ ಆಧಾರ. ಈ ಸಲ ಒಂದು ಹಾಡಿನಲ್ಲಿ ಅವಳೊಬ್ಬಳೇ ಹಾಡುವ ಭಾಗವೂ ಇತ್ತು. ಪಾತ್ರೆ ತೊಳೆಯುವಾಗ, ಚಾದರ ಮಡಿಸುವಾಗ ಅದನ್ನೇ ಗುನುಗುತ್ತಿದ್ದಳು.

ಅಂಥವಳು ವೇದಿಕೆಯ ಮೇಲೆ ಏನು ಹಾಕಿಕೊಳ್ಳುತ್ತಿದ್ದಳು? ತಂಡಕ್ಕೆ ಎಂದೋ ಯಾರೋ ಕೊಟ್ಟ ನಿಲುವಂಗಿಗಳು. ಭುಜ ಎಲ್ಲಿದೆ, ಸೊಂಟ ಎಲ್ಲಿದೆ, ಒಳಗೆ ಮನುಷ್ಯರಿದ್ದಾರೋ ಇಲ್ಲವೋ ತಿಳಿಯದಂತಹ ಗೋಣಿಚೀಲಗಳು. ಅವರು ಸಾಲಾಗಿ ನಿಂತರೆ, ಒಣಹಾಕಿದ ಕಂಬಳಿಗಳು ಹಾಡುತ್ತಿವೆಯೇನೋ ಅನ್ನಿಸುತ್ತಿತ್ತು. ಟೈಲರನ ಹೆಂಡತಿ ಕಂಬಳಿಯೊಳಗಿಂದ ಹಾಡುವುದೆಂದರೆ ನನ್ನ ಮಾನ ಏನಾಗಬೇಕು?

ಕೊನೆಗೆ ಅವಳು ಒಪ್ಪಿದಳು, ಒಂದು ಷರತ್ತಿನ ಮೇಲೆ.

"ಒಂದು ಸಲ ಅಭ್ಯಾಸಕ್ಕೆ ಬಂದು ನೋಡಿ. ಈ ಸಂಗೀತಕ್ಕೆ ಬಯಲಿನಷ್ಟು ಉಸಿರು ಬೇಕು ಅಂತಾರೆ ನಮಗೆ ಹಾಡು ಕಲಿಸೋ ಮೇಡಂ. ನಾವು ಉಸಿರು ತಗೊಂಡಾಗ ಪಕ್ಕೆಲುಬೆಲ್ಲ ಅಗಲ ಆಗುತ್ತೆ."

"ಪಕ್ಕೆಲುಬು ಮೂಳೆ ಕಣೇ. ಮೂಳೆ ಎಲ್ಲಾದರೂ ಅಗಲ ಆಗುತ್ತಾ? ನಿಮ್ಮ ಮೇಡಮ್ಮಿಗೆ ಸಂಗೀತ ಗೊತ್ತು. ನನಗೆ ಎದೆ ಸುತ್ತಳತೆ ಗೊತ್ತು."

ನಾನು ಅಭ್ಯಾಸ ನೋಡಲು ಹೋಗಲಿಲ್ಲ. ಅಂಗಡಿಗೇ ಅವರನ್ನೆಲ್ಲ ಕರೆಸಿ ಅಳತೆ ತೆಗೆದೆ.

ಅಲ್ಲಿ ನಡೆದದ್ದನ್ನು ಈಗ ನೆನೆದರೆ ಎಲ್ಲವೂ ಸ್ಪಷ್ಟವಾಗಿ ಕಾಣುತ್ತದೆ. ಮೊದಲು ಬಂದವರು ಬೇಕರಿಯವರು. ತಂಡದಲ್ಲಿ ಮಂದ್ರದ ದನಿ ಅವರದು. ಅವರ ಹೊಟ್ಟೆ ಅವರಿಗಿಂತ ಸ್ವಲ್ಪ ಮುಂಚಿತವಾಗಿ ಅಂಗಡಿಯೊಳಗೆ ಬಂತು. ಆದರೆ ಬೆಂಚಿನ ಮೇಲೆ ಹೆಂಗಸರು ಸರದಿಗಾಗಿ ಕೂತಿದ್ದನ್ನು ನೋಡಿದ ಕೂಡಲೇ ಆ ಹೊಟ್ಟೆ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಅವರು ಉಸಿರನ್ನು ಒಳಗೆಳೆದು ಕಲ್ಲಿನಂತೆ ನಿಂತರು. "ಆಹಾ, ಹೀಗೆ ನಿಲ್ಲಬೇಕು," ಎಂದು ಟೇಪು ಬಿಗಿದೆ. ಹಿಂದೆಯೇ ಹಲ್ಲಿನ ಡಾಕ್ಟರು ಬಂದರು. ದಿನವಿಡೀ ಇನ್ನೊಬ್ಬರಿಗೆ "ಬಾಯಿ ತೆಗೀರಿ" ಎನ್ನುವ ಅವರಿಗೆ ನಾನು "ಉಸಿರು ಬಿಗಿಹಿಡೀರಿ" ಎಂದೆ. ಒಳ್ಳೆಯ ರೋಗಿಯ ಹಾಗೆ ಹಿಡಿದರು. ಬೆಂಚಿನ ಮೇಲಿದ್ದವರೂ ಅವರನ್ನು ನೋಡಿ ಕಲಿತರು. ಒಟ್ಟಿನಲ್ಲಿ ಇಡೀ ತಂಡ ಉಸಿರಾಡದೆ ನಿಂತಿದ್ದ ಹೊತ್ತಿನಲ್ಲೇ ನಾನು ಇಡೀ ತಂಡದ ಅಳತೆ ತೆಗೆದೆ. ತಂಡವನ್ನೂ ವಾದ್ಯವೃಂದವನ್ನೂ ನಡೆಸುವ ಮೇಡಂ ಮಾತ್ರ, "ಕೈ ಬೀಸೋ ಕೆಲಸ ನಂದು. ನನ್ನ ಹಳೇ ಕೋಟೇ ಇರಲಿ ಬಿಡಿ," ಎಂದು ನಯವಾಗಿ ತಪ್ಪಿಸಿಕೊಂಡರು. ಪಾಪ, ಅವರ ದುರದೃಷ್ಟ ಎಂದುಕೊಂಡೆ.

ಕೊನೆಗೆ ಉಳಿದವಳು ಹೆಂಡತಿ.

"ನಿನ್ನದು ತೆಗೆಯೋದೇ ಬೇಡ. ನಿನ್ನ ಅಳತೆ ನನಗೆ ಬಾಯಿಪಾಠ."

"ಯಾವ ಕಾಲದ್ದು?"

"ನಮ್ಮ ಮದುವೆ ಕಾಲದ್ದು."

ಅವಳು ನನ್ನನ್ನು ಒಂದು ಥರ ನೋಡಿದಳು. ಪ್ರೀತಿಯಿಂದ ಎಂದು ನಾನು ಭಾವಿಸಿದೆ.

ಇಲ್ಲಿ ನನ್ನ ಮಾವನವರ ಬಗ್ಗೆ ಹೇಳಬೇಕು. ಅವರು ಹೆಂಡತಿಯ ತಂದೆ ಮಾತ್ರವಲ್ಲ, ನನಗೆ ಕೆಲಸ ಕಲಿಸಿದ ಗುರು. ಮೊದಲು ಸೂಜಿ ಕೊಟ್ಟರು, ಆಮೇಲೆ ಮಗಳನ್ನು ಕೊಟ್ಟರು, ಕಡೆಗೆ ಅಂಗಡಿಯನ್ನೂ ಬಿಟ್ಟುಕೊಟ್ಟು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತು ರಸ್ತೆ ನೋಡುತ್ತಿರುತ್ತಾರೆ. ನನ್ನನ್ನು ಈಗಲೂ "ಏನೋ", "ಬಾರೋ" ಎಂದೇ ಕರೆಯುವುದು. ಅವರಿಗೆ ಸಿಟ್ಟು ಬಂದಾಗ ಮಾತ್ರ ನನಗೆ ಅಳಿಯನ ಮರ್ಯಾದೆ ಸಿಗುತ್ತದೆ.

"ಲೂಸ್ ಎಷ್ಟು ಬಿಟ್ಟಿದೀಯೋ?" ಎಂದು ಕೇಳಿದರು.

"ಲೂಸೆಲ್ಲ ನಿಮ್ಮ ಕಾಲಕ್ಕಾಯ್ತು ಮಾವ. ಇದು ಫಿಟ್ಟಿಂಗ್ ಕಾಲ."

"ಹೊಲಿಗೆ ಒಳಗಾದರೂ ಬಟ್ಟೆ ಬಿಟ್ಟಿದೀಯಾ? ಬೇಕಾದರೆ ಬಿಚ್ಚಿ ಅಗಲ ಮಾಡೋ ಹಾಗೆ?"

"ಬಿಟ್ಟರೆ ಹೊರಗೆ ದಪ್ಪ ಕಾಣುತ್ತೆ ಅಂತ ಕತ್ತರಿಸಿಬಿಟ್ಟೆ."

"ಸಂತೋಷ ಅಳಿಯಂದಿರೆ," ಎಂದು ಅವರು ಮತ್ತೆ ರಸ್ತೆಯ ಕಡೆ ತಿರುಗಿದರು.

ಕೋಟುಗಳು ಯಾವಾಗ ಮುಗಿದವು ಎಂದು ಕೇಳಬೇಡಿ. ನಾನು ಟೈಲರ್. ಕಛೇರಿಯ ದಿನ, ಸಭಾಂಗಣದ ಬಾಗಿಲು ತೆರೆದು ಜನ ಒಳಗೆ ಬಂದು ಕೂರುತ್ತಿದ್ದ ಹೊತ್ತಿಗೆ, ಇನ್ನೂ ಇಸ್ತ್ರಿಯ ಬಿಸಿ ಆರದ ಕೋಟುಗಳನ್ನು ಹೊತ್ತುಕೊಂಡು ನಾನೂ ಮಾವನೂ ಹಿಂಬಾಗಿಲಿನಿಂದ ನುಗ್ಗಿದೆವು. ಹಾಕಿ ನೋಡಿ, ಹಾಡಿ ನೋಡಿ, ಸರಿಮಾಡಲು ಪುರುಸೊತ್ತೆಲ್ಲಿ? ಅವರವರ ಕೈಗೆ ಅವರವರದನ್ನು ತುರುಕಿದೆ. ಸ್ವಲ್ಪ ಹೊತ್ತು ಒಳಗಿನಿಂದ ಏದುಸಿರು, ಹೂಂಕಾರ, ಯಾರದೋ ಮೊಣಕೈ ಗೋಡೆಗೆ ಬಡಿದ ಸದ್ದು ಕೇಳಿಬಂದವು. ಆಮೇಲೆ ಬಾಗಿಲು ತೆರೆಯಿತು.

ಏನು ಹೇಳಲಿ! ಕಪ್ಪು ಶಿಲೆಯಲ್ಲಿ ಕಡೆದ ವಿಗ್ರಹಗಳು ನಡೆದು ಬಂದ ಹಾಗಿತ್ತು. ಭುಜ ಭುಜದ ಜಾಗದಲ್ಲಿ, ಸೊಂಟ ಸೊಂಟದ ಜಾಗದಲ್ಲಿ. ಬೇಕರಿಯವರು ಹರೆಯದ ಹುಡುಗನಂತೆ ಕಾಣುತ್ತಿದ್ದರು.

"ಹೇಗಿದೆ?" ಎಂದೆ.

"ಚೆನ್ನಾಗಿದೆ," ಎಂದರು. ಅವರ ಮಂದ್ರದ ದನಿ ಯಾಕೋ ಸ್ವಲ್ಪ ಮೇಲಕ್ಕೆ ಹೋದಂತಿತ್ತು.

ಹೆಂಡತಿ ಏನೂ ಹೇಳಲಿಲ್ಲ. ಮಾತಾಡಲು ಗಾಳಿ ಬೇಕಾಗುತ್ತದೆ ಎಂಬುದು ನನಗೆ ಆಗ ಹೊಳೆಯಲಿಲ್ಲ.

ನಾನೂ ಮಾವನೂ ಮೊದಲ ಸಾಲಿನಲ್ಲಿ ಕೂತೆವು. ನಾನೂ ನನ್ನ ಕೈಯಾರೆ ಹೊಲಿದ ಕೋಟು ತೊಟ್ಟಿದ್ದೆ. ದೀಪಗಳು ಮಂಕಾದವು. ಮೊದಲು ಬರೀ ವಾದ್ಯಗಳು. ಕಹಳೆಯವರು ಎದ್ದು ನಿಂತು ಊದಿದಾಗ, ಯಾರೋ ಮನೆಯ ಗೋಡೆಗಳನ್ನೆಲ್ಲ ಹಿಂದಕ್ಕೆ ತಳ್ಳಿ ಎದುರಿಗೆ ಅಂಚಿಲ್ಲದ ಬಯಲನ್ನು ಬಿಚ್ಚಿಟ್ಟ ಹಾಗಾಯಿತು. ಅದು ಮುಗಿಯುತ್ತಿದ್ದಂತೆ ನಗಾರಿಯವನು, ಪಿಟೀಲಿನವರು ಕುಣಿತದ ತಾಳ ಹಿಡಿದರು. ನನಗೆ ಇಂತಹ ಸಂಗೀತ ಹೊಸದು. ಆದರೂ ಕಾಲು ತಾನಾಗಿ ಕುಣಿಯತೊಡಗಿತು. ವಾದ್ಯದವರ ಹಿಂದೆ ನಿಂತಿದ್ದ ತಂಡದ ಸಾಲುಗಳನ್ನು ತೋರಿಸಿ ಮಾವನಿಗೆ, "ಆ ಕಾಲರ್ ನೋಡಿ, ಆ ತೋಳು ನೋಡಿ," ಎನ್ನುತ್ತಿದ್ದೆ. ಅವರು, "ಹಾಡೋದನ್ನ ನೋಡೋಣ," ಎಂದರು.

ತಂಡ ಹಾಡಲು ಶುರುಮಾಡಿತು. ಹೊಲದ ದಾರಿಯಲ್ಲಿ ಯಾರೋ ತಮ್ಮಷ್ಟಕ್ಕೆ ಗುನುಗಿಕೊಂಡು ಹೋಗುವಂತಹ ಸಣ್ಣ, ಸರಳ ರಾಗ. ಅಷ್ಟರವರೆಗೆ ಕೋಟುಗಳು ಸಹಕರಿಸಿದವು. ಆದರೆ ಈ ಅಮೆರಿಕದ ರಾಗ ಒಂದು ಕಡೆ ನಿಲ್ಲುವಂಥದ್ದಲ್ಲ. ಒಬ್ಬರ ಹಿಂದೆ ಒಬ್ಬರು ಸೇರಿಕೊಳ್ಳುತ್ತಾರೆ. ಪಿಟೀಲುಗಳು ಬರುತ್ತವೆ, ಕಹಳೆಗಳು ಬರುತ್ತವೆ, ದಾರಿ ಅಗಲವಾಗುತ್ತಾ ಹೆದ್ದಾರಿಯಾಗುತ್ತದೆ. ಮೇಡಂ ಎರಡೂ ಕೈ ಎತ್ತಿದರು. ವಾದ್ಯಗಳೆಲ್ಲ ಒಮ್ಮೆಲೇ ನಿಂತವು. ಆ ನಿಶ್ಶಬ್ದದಲ್ಲಿ ಇಡೀ ತಂಡ ಬಯಲಿನಷ್ಟು ಉಸಿರು ತೆಗೆದುಕೊಂಡಿತು.

ಮೊದಲು ಹಾರಿದ್ದು ಬೇಕರಿಯವರ ಗುಂಡಿ. ಅದು ಬಾಣದಂತೆ ಹೋಗಿ ನಗಾರಿಯ ಮೇಲೆ "ಢಣ್" ಎಂದಿತು. ನಗಾರಿಯವನು ಕೈಯಲ್ಲಿ ಕೋಲು ಹಿಡಿದುಕೊಂಡೇ, ತಾನು ಹೊಡೆಯದೆ ನುಡಿದ ನಗಾರಿಯನ್ನು ಗಾಬರಿಯಿಂದ ನೋಡಿದ. ಡಾಕ್ಟರ ಗುಂಡಿ ಹೋಗಿ ದೊಡ್ಡ ಕಹಳೆಯ ಬಾಯೊಳಗೆ ಬಿದ್ದಿತು. ಆ ಕಹಳೆ ಅಲ್ಲಿಂದಾಚೆಗೆ ನೆಗಡಿಯಾದವರಂತೆ ಹಾಡಿತು. ಹೆಂಗಸರ ಸಾಲಿನಲ್ಲಿ ಕಂಕುಳ ಹೊಲಿಗೆಗಳು ಒಂದರ ಹಿಂದೊಂದು "ಚರ್, ಚರ್" ಎಂದು ತಾಳ ಹಾಕಿದವು. ಒಂದೊಂದು ಗುಂಡಿ ಹಾರಿದಾಗಲೂ ನನ್ನ ಗುಂಡಿಗೆ ಹಾರಿತು.

ನನ್ನ ಹಿಂದಿನ ಸಾಲಿನಲ್ಲಿದ್ದವರೊಬ್ಬರು ಪಕ್ಕದಲ್ಲಿದ್ದ ತಮ್ಮ ಹೆಂಡತಿಗೆ ಪಿಸುಗುಟ್ಟಿದರು: "ಅಮೆರಿಕದವರ ಸಂಗೀತ ಹೀಗೇನೆ ಕಣೇ. ಏನು ಬೇಕಾದರೂ ವಾದ್ಯ ಮಾಡ್ಕೋತಾರೆ."

"ಆ ಗುಂಡಿ ಹಾರಿಸೋದನ್ನ ಎಷ್ಟು ಅಭ್ಯಾಸ ಮಾಡಿರಬೇಕು," ಎಂದರು ಆಕೆ.

ಅದನ್ನು ಕೇಳಿ ನನಗೆ ಕ್ಷಣಕಾಲ ಧೈರ್ಯ ಬಂದದ್ದು ನಿಜ. ಆದರೆ ಆಮೇಲೆ ನಡೆದದ್ದು ನಗುವ ವಿಷಯವಾಗಿರಲಿಲ್ಲ. ಉಳಿದ ಗುಂಡಿಗಳ ಭಯಕ್ಕೆ ಎಲ್ಲರೂ ಸಣ್ಣ ಸಣ್ಣ ಉಸಿರು ತೆಗೆದುಕೊಳ್ಳತೊಡಗಿದರು. ಮೇಡಂ ಕೈಯೆತ್ತಿ ಕೇಳುತ್ತಾರೆ, ಕೊಡಲು ಅವರ ಬಳಿ ಗಾಳಿಯಿಲ್ಲ. ಹೆದ್ದಾರಿ ಮತ್ತೆ ಕಾಲುದಾರಿಯಾಯಿತು. ವಾದ್ಯಗಳ ಕೆಳಗೆ ಹಾಡು ಮುಳುಗಿಹೋಯಿತು. ಎರಡನೇ ಸಾಲಿನಲ್ಲಿದ್ದ ಹೆಂಡತಿಯ ಮುಖ ಕೆಂಪಾಗಿತ್ತು. ಬಾಯಿ ತೆರೆಯುತ್ತಿತ್ತು, ದನಿ ಇರಲಿಲ್ಲ. ಅವಳು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಎಷ್ಟೋ ವಾಸಿಯಿತ್ತು.

ವಿರಾಮ ಬಂತು. ಜನ ಮರ್ಯಾದೆಗೆಂದು ಚಪ್ಪಾಳೆ ತಟ್ಟಿದರು. ಮಾವ ಎದ್ದು, "ನಡೀರಿ ಅಳಿಯಂದಿರೆ," ಎಂದರು. ಬೆನ್ನಿನ ಮೇಲೆ ಚಾಟಿಯೇಟು ಬಿದ್ದಂತಾಯಿತು.

ಹಿಂದಿನ ಕೋಣೆಯಲ್ಲಿ ಯಾರೂ ಕೂತಿರಲಿಲ್ಲ. ಕೂರುವುದಕ್ಕೆ ಆಗುತ್ತಲೂ ಇರಲಿಲ್ಲ. ಬೇಕರಿಯವರು ಬಂದು ನನ್ನ ಕೈ ಹಿಡಿದು, "ತಪ್ಪು ನಂದೇ. ಅಳತೆ ಕೊಡುವಾಗ ಹೊಟ್ಟೆ ಒಳಗೆಳೆದುಕೊಂಡಿದ್ದೆ," ಎಂದರು. ಅವರು ಬೈದಿದ್ದರೆ ಚೆನ್ನಾಗಿತ್ತು.

ಮೇಡಂ ಯೋಚಿಸಿ, "ಕೋಟು ಬಿಚ್ಚಿಟ್ಟು ಹಾಡೋಣ," ಎಂದರು.

"ಒಳಗೆ ಒಳ್ಳೇ ಅಂಗಿ ಹಾಕೋಕೆ ಜಾಗ ಇರಲಿಲ್ಲ ಮೇಡಂ," ಎಂದರು ಡಾಕ್ಟರು ತಲೆ ತಗ್ಗಿಸಿ. "ನಾವು ಗಂಡಸರೆಲ್ಲ ಬನಿಯನ್ನಲ್ಲೇ ಇದೀವಿ, ಹೆಂಗಸರು ಮನೇಲಿ ಹಾಕೋ ತೆಳು ಬಟ್ಟೇಲಿದಾರೆ."

"ಹಾಗಾದರೆ ಹಳೇ ನಿಲುವಂಗಿಗಳು?"

ಎಲ್ಲರೂ ನನ್ನನ್ನು ನೋಡಿದರು.

"ಲೈನಿಂಗ್‌ಗೆ ಅಂತ ಕತ್ತರಿಸಿಬಿಟ್ಟೆ," ಎಂದೆ.

ಆಗ ಕೇಳಿಸಿತು ಹೆಂಡತಿಯ ದನಿ. ಕೊಳಾಯಿ ಒಡೆದ ಬೀದಿಗೆ ಕೆಲಸದವರನ್ನು ಕಳಿಸುವಾಗಿನ ಆ ತಣ್ಣನೆಯ ದನಿ.

"ಜನಕ್ಕೆ ಕಾಣೋದು ನಮ್ಮ ಮುಂಭಾಗ ತಾನೆ? ಬೆನ್ನು ಸೀಳಿಬಿಡಿ."

"ಸೀಳೋದಾ? ನನ್ನ ಕೋಟುಗಳನ್ನಾ?"

"ಕಾಲರ್ ಕೆಳಗಿಂದ ತುದೀವರೆಗೂ. ನೀವು ಸೀಳ್ತೀರೋ, ಅಪ್ಪನ ಕೈಗೆ ಕತ್ತರಿ ಕೊಡಲೋ?"

ನನ್ನ ಜೇಬಿನಲ್ಲಿ ಕತ್ತರಿ ಇಲ್ಲದ ಹೊತ್ತೇ ಇಲ್ಲ. ತೆಗೆದೆ. ತಂಡ ಗೋಡೆಯ ಕಡೆ ಮುಖ ಮಾಡಿ ಸಾಲಾಗಿ ನಿಂತಿತು. ನಾನು ಹೊಲಿದದ್ದನ್ನು, ಇಸ್ತ್ರಿಯ ಗೆರೆ ಇನ್ನೂ ಮಾಸದಿದ್ದದ್ದನ್ನು, ನನ್ನ ಕೈಯಾರೆ ಕತ್ತರಿಸುತ್ತಾ ಹೋದೆ. ಒಂದೊಂದು ಬೆನ್ನು ತೆರೆದುಕೊಂಡಾಗಲೂ "ಹಾ..." ಎಂಬ ಉದ್ಗಾರ. ಬೇಕರಿಯವರ ಹೊಟ್ಟೆ ಹಿಂದಿರುಗಿ ಬಂತು, ಜೊತೆಗೆ ಅವರ ಮಂದ್ರದ ದನಿಯೂ ಬಂತು. ಹಾರಿಹೋದ ಗುಂಡಿಗಳ ಜಾಗಕ್ಕೆ ಮಾವ ಪಿನ್ನು ಚುಚ್ಚುತ್ತಾ ನನ್ನ ಹಿಂದೆಯೇ ಬಂದರು.

ಕೊನೆಗೆ ನಿಂತವಳು ಹೆಂಡತಿ. ಕೈ ಮುಂದೆ ಹೋಗಲಿಲ್ಲ.

"ಕತ್ತರಿಸ್ರೀ, ಗಂಟೆ ಹೊಡೀತಾರೆ."

"ಇದು ನಮ್ಮ ಮದುವೆ ಕಾಲದ ಅಳತೆ ಕಣೇ."

"ಗೊತ್ತು. ಅದಕ್ಕೇ ಉಸಿರು ಕಟ್ತಾ ಇರೋದು."

ಕತ್ತರಿಸಿದೆ. ಕೋಟಿನ ಬೆನ್ನು ಬಾಗಿಲಿನಂತೆ ಎರಡು ಪಾಲಾಗಿ ತೆರೆದುಕೊಂಡಿತು. ಒಳಗೆ ಅವಳು ಮನೆಯಲ್ಲಿ ಹಾಕಿಕೊಳ್ಳುವ, ಒಗೆದೂ ಒಗೆದೂ ತೆಳ್ಳಗಾದ ಹಳದಿ ಹೂವಿನ ಅಂಗಿ. ಅವಳು ಆಳವಾಗಿ ಒಂದು ಉಸಿರು ತೆಗೆದುಕೊಂಡಳು. ನನ್ನ ಅಂಗೈ ಅವಳ ಬೆನ್ನ ಮೇಲೇ ಇತ್ತು. ಪಕ್ಕೆಲುಬುಗಳು ಎರಡೂ ಕಡೆಗೆ ಅರಳಿದವು. ಹೌದು, ಮೂಳೆ ಅಗಲವಾಗುತ್ತದೆ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ನನಗೆ ಅದು ಗೊತ್ತಿರಲಿಲ್ಲ.

ಕಛೇರಿಯ ಎರಡನೇ ಭಾಗವನ್ನು ವರ್ಣಿಸುವ ಶಕ್ತಿ ನನಗಿಲ್ಲ. ನಾನು ಬಟ್ಟೆ ಕತ್ತರಿಸುವವನು. ಇಷ್ಟು ಮಾತ್ರ ಹೇಳಬಲ್ಲೆ: ಮೇಡಂ ಕೈಯೆತ್ತಿದರು, ತಂಡ ಉಸಿರೆಳೆದುಕೊಂಡಿತು, ಏನೂ ಹಾರಲಿಲ್ಲ, ಏನೂ ಹರಿಯಲಿಲ್ಲ, ಆಮೇಲೆ ಎದ್ದ ಹಾಡಿಗೆ ಸಭಾಂಗಣದ ದೀಪಗಳೂ ನಡುಗಿದವು. ಬೇಕರಿಯವರ ಸಾಲಿನಿಂದ ನೆಲದೊಳಗಿನ ದನಿ ಬಂತು. ಡಾಕ್ಟರು ಬಾಯಿ ತೆರೆದ ರೀತಿ ನೋಡಿದರೆ ಅವರ ರೋಗಿಗಳು ನಾಚಬೇಕು. ನೆಗಡಿ ಹಿಡಿದ ಕಹಳೆಯೂ, ಗುಂಡಿ ಹೊರಗೆ ಬಂದದ್ದರಿಂದ, ಗುಣವಾಗಿತ್ತು.

ಆಮೇಲೆ ಎಲ್ಲವೂ ನಿಂತು, ಒಂದೇ ಒಂದು ಪಿಟೀಲಿನ ಜೊತೆಗೆ ಹೆಂಡತಿಯ ಭಾಗ ಬಂತು. ಪಾತ್ರೆ ತೊಳೆಯುವಾಗ ನಾನು ದಿನಾ ಕೇಳಿದ್ದ ಅದೇ ರಾಗ. ಆದರೆ ಅಡುಗೆಮನೆಯಲ್ಲಿ ಅದು ಕೊಳಾಯಿಯ ಕೆಳಗೆ ಬಗ್ಗಿಕೊಂಡು ನಿಂತಿತ್ತು. ಇಲ್ಲಿ ನೆಟ್ಟಗೆ ಎದ್ದು ನಿಂತು ನಡೆದು ಹೋಯಿತು. ಆತುರವಿಲ್ಲ, ಕೂಗಾಟವಿಲ್ಲ. ದೂರ ಹೊರಟವರು ತಿರುಗಿ ನೋಡಿ ಒಂದು ಮಾತು ಹೇಳಿ ಹೋದಂತಿತ್ತು. ನನ್ನ ಎದೆ ಉಬ್ಬಿತು. ಮುಂಜಾಗ್ರತೆಗೆಂದು ನನ್ನ ಕೋಟಿನ ಗುಂಡಿಗಳನ್ನು ಮೊದಲೇ ಬಿಚ್ಚಿಕೊಂಡೆ.

ಹಿಂದಿನ ಸಾಲಿನವರು, "ಯಾರ್ರೀ ಇವರು?" ಎಂದು ಕೇಳಿದ್ದು ಕಿವಿಗೆ ಬಿತ್ತು. ನಾನು ತಿರುಗಿ, "ನನ್ನ ಹೆಂಡತಿ," ಎನ್ನುವಷ್ಟರಲ್ಲಿ ಮಾವ, "ನನ್ನ ಮಗಳು," ಎಂದುಬಿಟ್ಟಿದ್ದರು. ಅವರ ಕಣ್ಣು ಒದ್ದೆಯಾಗಿತ್ತು. ಆ ಒಂದು ವಿಷಯದಲ್ಲಿ ನಾನು ಸ್ಪರ್ಧೆಗೆ ಇಳಿಯಲಿಲ್ಲ.

ಕಛೇರಿ ಮುಗಿದಾಗ ಇಡೀ ಸಭೆ ಎದ್ದು ನಿಂತಿತು. ತಂಡ ಬಾಗಿ ವಂದಿಸಿತು. ಇನ್ನು ವೇದಿಕೆಯಿಂದ ಇಳಿಯಬೇಕು. ಬೆನ್ನು ತಿರುಗಿಸುವಂತಿಲ್ಲ. ಬೇಕರಿಯವರು ಮೊದಲು ಒಂದು ಹೆಜ್ಜೆ ಹಿಂದಿಟ್ಟರು. ಉಳಿದವರಿಗೂ ಅರ್ಥವಾಯಿತು. ಎಲ್ಲರೂ ಎದೆಯ ಮೇಲೆ ಕೈಯಿಟ್ಟುಕೊಂಡು, ಸಭಿಕರನ್ನೇ ನೋಡುತ್ತಾ, ರಾಜನ ದರ್ಬಾರಿನಿಂದ ಹೊರಡುವವರಂತೆ ಹಿಂದಹಿಂದಕ್ಕೆ ಹೆಜ್ಜೆಯಿಡುತ್ತಾ ಪರದೆಯ ಹಿಂದೆ ಮರೆಯಾದರು. ಜನ ಆ ವಿನಯ ಕಂಡು ಇನ್ನೂ ಜೋರಾಗಿ ಚಪ್ಪಾಳೆ ಹೊಡೆದರು.

ಅಷ್ಟರಲ್ಲಿ ಮೇಡಂ ಹೆಂಡತಿಯ ಕೈ ಹಿಡಿದು ಒಬ್ಬಳನ್ನೇ ಮುಂದಕ್ಕೆ ಕರೆತಂದರು. ಅವಳು ಬಾಗಿದಳು. ಚಪ್ಪಾಳೆ ನಿಲ್ಲಲೇ ಇಲ್ಲ. ಮತ್ತೆ ಬಾಗಿದಳು. ಆ ಸಂತೋಷದಲ್ಲಿ ಎಲ್ಲವನ್ನೂ ಮರೆತು, ಸಹಜವಾಗಿ ತಿರುಗಿ, ವೇದಿಕೆಯ ಉದ್ದಕ್ಕೂ ಆರಾಮವಾಗಿ ನಡೆದುಹೋದಳು. ಅವಳ ಕೋಟು ಎರಡು ರೆಕ್ಕೆಗಳಾಗಿ ಆಚೀಚೆ ಹಾರುತ್ತಿತ್ತು. ನಡುವೆ ಹಳದಿ ಹೂವುಗಳು. ಆಗ ಎದ್ದ ಚಪ್ಪಾಳೆಗೆ ಛಾವಣಿ ಹಾರಿಹೋಗುವುದೊಂದು ಬಾಕಿ.

ಮಾರನೆಯ ದಿನ ಬೆಳಿಗ್ಗೆ ಇಡೀ ತಂಡ ಸೀಳಿದ ಕೋಟುಗಳನ್ನು ಹಿಡಿದುಕೊಂಡು ಅಂಗಡಿಗೆ ಬಂತು. ನಾನು ಒಳಗೆ ಹೋಗುವಷ್ಟರಲ್ಲಿ ಮಾವ ನನ್ನ ಜಾಗದಲ್ಲಿ ನಿಂತಿದ್ದರು, ಕುತ್ತಿಗೆಯಲ್ಲಿ ಟೇಪು. ಅಳತೆ ಹೊಸದಾಗಿ ಶುರುವಾಯಿತು. ಅವರು ಟೇಪನ್ನು ಎದೆಯ ಸುತ್ತ ಸಡಿಲವಾಗಿ ಹಿಡಿದು, "ಹಾಡಿ," ಎನ್ನುವರು. ಬೇಕರಿಯವರು ಹಾಡುವರು. ಟೇಪು ಎಲ್ಲಿಯವರೆಗೆ ಹೋಗಿ ನಿಲ್ಲುತ್ತದೆ ಎಂದು ನೋಡಿ, ಅದರ ಮೇಲೆ ಇನ್ನೆರಡು ಬೆರಳು ಸೇರಿಸುವರು. ಅಂಗಡಿಯ ತುಂಬ ಮಂದ್ರ, ತಾರ ಎಲ್ಲ ಮೊಳಗಿ, ರಸ್ತೆಯಲ್ಲಿ ಹೋಗುವವರು ನಿಂತು ನೋಡತೊಡಗಿದರು.

ನನ್ನ ಕೈಗೆ ಮಾವ ಒಂದು ಸೂಜಿ, ಒಂದು ಡಬ್ಬಿ ಗುಂಡಿ ಕೊಟ್ಟು ಮೂಲೆಯ ಸ್ಟೂಲು ತೋರಿಸಿದ್ದರು. ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನು ಕೂತಿದ್ದ ಸ್ಟೂಲು ಅದು. ಈಗ ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು.

ಆ ಹೊತ್ತಿಗೆ ಒಬ್ಬ ಹೆಂಗಸು ಯಾವುದೋ ಲಂಗದ ಅಂಚು ಹೊಲಿಸಿಕೊಳ್ಳಲು ಬಂದರು. ದನಿ ಕೇಳಿ ಗುರುತು ಹತ್ತಿತು. ನನ್ನ ಹಿಂದಿನ ಸಾಲಿನಲ್ಲಿ ಕೂತಿದ್ದ ಆಕೆಯೇ. ಅವರು ತಂಡವನ್ನೂ ಕೋಟುಗಳನ್ನೂ ನೋಡಿ ಬೆರಗಾಗಿ, ಹತ್ತಿರವಿದ್ದ ನನ್ನನ್ನು ಕೇಳಿದರು:

"ಇವರಿಗೆಲ್ಲ ಕೋಟು ಹೊಲಿದೋರು ನೀವೇನಾ?"

ಅಂಗಡಿಯಲ್ಲಿ ಹಾಡು ನಿಂತಿತು. ಮಾವ ಟೇಪು ಹಿಡಿದುಕೊಂಡೇ ನನ್ನ ಕಡೆ ನೋಡಿದರು.

"ನಾನಾ?" ಎಂದೆ. "ಅಲ್ಲಮ್ಮ. ಕೊನೇಲಿ ಒಬ್ಬರೇ ಹಾಡಿದರಲ್ಲ, ನಾನು ಅವರ ಗಂಡ."

ಹೇಳುವಾಗ ಬೆನ್ನು ನೆಟ್ಟಗಾಯಿತು. ಇದಕ್ಕಿಂತ ದೊಡ್ಡ ಬೋರ್ಡು ನಾನು ಅಂಗಡಿಯ ಮುಂದೆ ಎಂದೂ ಹಾಕಿಸಿಲ್ಲ.

ಆಕೆಯ ಮುಖ ಅರಳಿತು. "ಹೌದೇ? ಎಂಥಾ ದನಿ ಅವರದ್ದು. ನಾನು ಮನೆಗೆ ಹೋದ ಮೇಲೂ ಅದನ್ನೇ ಗುನುಗ್ತಾ ಇದ್ದೆ." ಆಮೇಲೆ ಸುತ್ತ ಒಮ್ಮೆ ನೋಡಿ, ನನ್ನ ಕಿವಿಯ ಹತ್ತಿರ ಬಗ್ಗಿ, ದನಿ ತಗ್ಗಿಸಿದರು.

"ತಪ್ಪು ತಿಳ್ಕೋಬೇಡಿ. ಪಾಪ, ಕೋಟಿನ ಬೆನ್ನೆಲ್ಲ ಹರಿದುಹೋಗಿತ್ತು. ಅಷ್ಟು ಚೆನ್ನಾಗಿ ಹಾಡೋ ಹೆಂಡತಿಗೆ ಯಾರಾದರೂ ಒಳ್ಳೇ ಟೈಲರ್ ಹತ್ರ ಒಂದು ಕೋಟು ಹೊಲಿಸಿಕೊಡಿ."

"ಹೊಲಿಸ್ತೀನಮ್ಮ," ಎಂದು ಸೂಜಿಗೆ ದಾರ ಪೋಣಿಸಿದೆ.